ದಮ್ ಎಂದರೆ ಉಸಿರು

ಹೈದರಾಬಾದಿನಲ್ಲಿ ಅತಿ ಹೆಚ್ಚು ಹೊತ್ತು ಒಲೆಯ ಮೇಲಿರುವ ಅಡುಗೆ ಹಲೀಮ್. ರಂಜಾನ್ ತಿಂಗಳಲ್ಲಿ ಹೋಟೆಲುಗಳ ಮುಂದೆ ಇಟ್ಟಿಗೆ, ಮಣ್ಣಿನ ಭಟ್ಟಿ ಕಟ್ಟಿ, ಅದರೊಳಗೆ ದೊಡ್ಡ ಹಂಡೆ ಕೂರಿಸಿ, ಗೋಧಿ, ಬೇಳೆ, ಮಾಂಸಗಳನ್ನು ಸೌದೆ ಉರಿಯಲ್ಲಿ ಬೆಳಗಿನಿಂದ ಇಫ್ತಾರಿನ ಹೊತ್ತಿನ ತನಕ ಬೇಯಿಸುತ್ತಾರೆ. ಆಳುಗಳು ಉದ್ದನೆಯ ಮರದ ಕಡೆಗೋಲು ಹಿಡಿದು ಎಳೆ ಎಳೆಯಾಗುವವರೆಗೆ ಅದನ್ನು ಕುಟ್ಟುತ್ತಲೇ ಇರಬೇಕು. ಎಂಟು, ಹತ್ತು ಗಂಟೆಯ ಕೆಲಸ ಅದು. ಆದರೂ ಅದನ್ನು ಯಾರೂ ದಮ್ ಹಲೀಮ್ ಅನ್ನುವುದಿಲ್ಲ. ಅದೇ ಬೀದಿಯ ಪಕ್ಕದ ಅಂಗಡಿಯಲ್ಲಿ ದಮ್ ಬಿರಿಯಾನಿ ಮುಚ್ಚಳ ಬಿದ್ದ ಮೇಲೆ ಒಂದು ಗಂಟೆಯ ಆಚೀಚೆಗೆ ಇಳಿಯುತ್ತದೆ.

ಇಷ್ಟನ್ನು ಗಮನಿಸಿದರೆ ಸಾಕು, ದಮ್ ಎಂಬ ಪದಕ್ಕೆ ಈಗ ಎಲ್ಲೆಡೆ ಕೊಡುತ್ತಿರುವ ಅರ್ಥ ಅಲುಗಾಡತೊಡಗುತ್ತದೆ. ಹೋಟೆಲಿನ ಮೆನು ಕಾರ್ಡುಗಳಲ್ಲಿ, ಮಸಾಲೆ ಪೊಟ್ಟಣಗಳ ಹಿಂಬದಿಯಲ್ಲಿ, ಅಡುಗೆಯ ವಿಡಿಯೋಗಳಲ್ಲಿ ದಮ್ ಎಂದರೆ ನಿಧಾನವಾಗಿ ಬೇಯಿಸುವುದು ಎಂದೇ ಇರುತ್ತದೆ. ನಿಧಾನವೇ ಅದರ ಗುಟ್ಟಾಗಿದ್ದರೆ ಹೈದರಾಬಾದಿನಲ್ಲಿ ಆ ಹೆಸರು ಮೊದಲು ಸಲ್ಲಬೇಕಾದದ್ದು ಹಲೀಮಿಗೆ. ಹೊತ್ತಿನ ಲೆಕ್ಕ ಈ ಪದದಲ್ಲಿ ಎಂದೂ ಇರಲಿಲ್ಲ. ಇದ್ದದ್ದು ಉಸಿರಿನ ಲೆಕ್ಕ.

ದಮ್ ಪಾರಸಿ ಮಾತು; ಅರ್ಥ ಉಸಿರು. 'ದಮೀದನ್' ಎಂದರೆ ಊದುವುದು. ಭಾಷೆಗಳ ನಂಟನ್ನು ಹುಡುಕುವವರು ಇದನ್ನು ಸಂಸ್ಕೃತದ 'ಧ್ಮಾ' ಧಾತುವಿನ ಪಕ್ಕ ಕೂರಿಸುತ್ತಾರೆ. ಅದರ ಅರ್ಥವೂ ಊದುವುದೇ. ನಮ್ಮ 'ಧಮನಿ' ಅದೇ ಬೇರಿನದು. ರಕ್ತನಾಳ ಎಂಬ ಅರ್ಥ ಗಟ್ಟಿಯಾಗುವ ಮೊದಲು ಅದು ಗಾಳಿ ಹಾಯುವ ಕೊಳವೆ. ದಮ್ ಜೊತೆ ಬರುವ 'ಪುಖ್ತ್' ಎಂದರೆ ಬೆಂದದ್ದು. ಅದೂ ಹೊರಗಿನದಲ್ಲ: ಸಂಸ್ಕೃತದ 'ಪಕ್ವ', ನಮ್ಮ ಪಾಕ, ಎಲ್ಲರ ಬಾಯಲ್ಲೂ ಇರುವ 'ಪಕ್ಕಾ', ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. 'ದಮ್ ಪುಖ್ತ್' ಅನ್ನುವ ಈ ಭಾರಿ ರಾಜವೈಭವದ ಹೆಸರಿನ ಎರಡು ತುಂಡುಗಳಿಗೂ ಕನ್ನಡದಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿದ್ದಾರೆ. ಉಸಿರಲ್ಲಿ ಬೆಂದದ್ದು, ಅಷ್ಟೇ ಅದರ ಅರ್ಥ.

ಪದ ಕನ್ನಡಕ್ಕೆ ನೇರವಾಗಿಯೂ ಬಂದಿದೆ, ಅಡುಗೆಮನೆಯ ಬಾಗಿಲಿಂದಲ್ಲ. ದಮ್ಮು ಎಂದರೆ ಉಬ್ಬಸ ರೋಗ. ಬೀಡಿಯ ಒಂದು ದಮ್ಮು ಎಳೆಯುವುದೂ ಉಂಟು. ದಮ್ಮಿದ್ದರೆ ಎದುರಿಗೆ ಬಾ ಎಂದು ತೊಡೆ ತಟ್ಟುವಾಗ ಅದು ಎದೆಗಾರಿಕೆ. ಕಲಬುರಗಿ, ಬೀದರ್ ಕಡೆ ಅವಸರ ಮಾಡುವವನಿಗೆ 'ಸ್ವಲ್ಪ ದಮ್ ಹಿಡಿ' ಅನ್ನುತ್ತಾರೆ. ಮರಾಠಿಯಲ್ಲೂ ತಾಳು ಎನ್ನುವುದಕ್ಕೆ 'ದಮ್ ಧರ್' ಎಂದೇ ಇದೆ. ದರ್ಗಾಗಳಲ್ಲಿ ಮಂತ್ರಿಸಿ ಊದಿಕೊಟ್ಟ ನೀರು ದಮ್ ಮಾಡಿದ ನೀರು. ಉರ್ದುವಿನಲ್ಲಿ 'ಹಮ್‌ದಮ್' ಎಂದರೆ ಒಂದೇ ಉಸಿರಿನವರು, ಅಂದರೆ ಜೀವದ ಗೆಳೆಯರು. ಆದರೆ ದ-ಮ ಕಂಡಲ್ಲೆಲ್ಲ ನಂಟು ಕಟ್ಟಬಾರದು. 'ದಮ್ಮಯ್ಯ' ಧರ್ಮದ ಕಡೆಯವನು. ಕೈಯಲ್ಲಿ ದಮ್ಮಡಿ ಇಲ್ಲ ಎನ್ನುವಾಗಿನ ದಮ್ಮಡಿ ನಾಣ್ಯದ ಮನೆತನ, ಅದರ ಮೂಲಪುರುಷ ಗ್ರೀಕರ ದ್ರಾಖ್ಮ.

ಉಸಿರಿಗೂ ಹಬೆಗೂ ಒಂದೇ ಹೆಸರಿಡುವುದು ಪಾರಸಿಯವರ ಜಾಣತನವೊಂದೇ ಅಲ್ಲ. ಕನ್ನಡದ 'ಆವಿ'ಯನ್ನೇ ನೋಡಿ. ನಮಗೆ ಅದು ಪಾತ್ರೆಯಿಂದ ಏಳುವ ಹಬೆ. ತಮಿಳರಿಗೆ 'ಆವಿ' ಹಬೆಯೂ ಹೌದು, ಉಸಿರೂ ಹೌದು, ಪ್ರಾಣವೂ ಹೌದು. ಚಳಿಗಾಲದ ಬೆಳಗಿನಲ್ಲಿ ಬಾಯಿ ತೆರೆದವರಿಗೆಲ್ಲ ಈ ನಂಟು ಹೊಳೆಯುವಂಥದ್ದೇ. ಇದಕ್ಕಿಂತ ಸೊಗಸಾದ ಜೋಡಿಯೊಂದಿದೆ. ಯೋಗದಲ್ಲಿ ಉಸಿರನ್ನು ಒಳಗೆ ಕಟ್ಟಿ ಹಿಡಿಯುವುದಕ್ಕೆ ಕುಂಭಕ ಎಂದು ಹೆಸರು. ಮೈ ತುಂಬಿದ ಕೊಡದಂತೆ ನಿಲ್ಲುತ್ತದೆಂದು ಹಾಗೆ. ಇಲ್ಲಿ ಉಸಿರು ಹಿಡಿಯುವುದಕ್ಕೆ ಮಡಕೆಯ ಹೆಸರು ಬಂತು, ಅಲ್ಲಿ ಮಡಕೆ ಮುಚ್ಚುವುದಕ್ಕೆ ಉಸಿರಿನ ಹೆಸರು ಬಂತು.

ಪಾರಸಿ ಹೋದಲ್ಲೆಲ್ಲ ಈ ಪದ ಹೋಗಿದೆ. ತುರ್ಕಿಯಲ್ಲಿ ಚಹಾ ಕುದಿಸಿ ಬಿಡುವುದು 'ದೆಮ್ಲೆಮೆಕ್', ಚಹಾದ ಪಾತ್ರೆ 'ದೆಮ್ಲಿಕ್'. ಉಜ್ಬೇಕಿಸ್ತಾನದಲ್ಲಿ ಮಾಂಸ, ತರಕಾರಿಗಳನ್ನು ಒಂದರ ಮೇಲೊಂದು ಜೋಡಿಸಿ ಮುಚ್ಚಿ ಬೇಯಿಸುವ ಅಡುಗೆ 'ದಿಮ್ಲಮಾ'. ಬಂಗಾಳದಲ್ಲಿ ಅದು 'ಆಲೂರ್ ದೊಮ್'. ಬರ್ಮಾದವರು ಬಿರಿಯಾನಿಯನ್ನು 'ಡಾನ್‌ಬೌಕ್' ಎನ್ನುತ್ತಾರೆ. ದಮ್ ಪುಖ್ತ್ ಎಂಬುದೇ ಬರ್ಮಿ ನಾಲಗೆಯ ಮೇಲೆ ಹೊರಳಿ ಹಾಗಾಗಿದೆ. ಇರಾನಿನಲ್ಲಂತೂ ಅನ್ನದ ಕೊನೆಯ ಘಟ್ಟವೇ ದಮ್. ಅಕ್ಕಿಯನ್ನು ಅರೆ ಬೇಯಿಸಿ ಬಸಿದು, ಮತ್ತೆ ಪಾತ್ರೆಗೆ ಹಾಕಿ, ದಪ್ಪ ಬಟ್ಟೆ ಸುತ್ತಿದ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಮೇಲೆದ್ದ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಅನ್ನಕ್ಕೆ ಬೀಳದಂತೆ ಬಟ್ಟೆ ಹೀರಿಕೊಳ್ಳುತ್ತದೆ. ಆ ಬಟ್ಟೆಗೂ ಹೆಸರು ದಮ್‌ಕೊನಿ. ಹಿಟ್ಟಿನ ಮುದ್ರೆಯಿಲ್ಲ, ಕೆಂಡವಿಲ್ಲ, ರಾಜನಿಲ್ಲ. ದಿನಾ ಮನೆಯಲ್ಲಿ ಆಗುವ ಕೆಲಸ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಗಂಜಿ ಬಸಿದ ಅನ್ನವನ್ನು ಕೆಂಡದ ಮೇಲಿಟ್ಟು ಇಂಗಿಸುತ್ತಿದ್ದುದು ಬೇರೇನಲ್ಲ.

ಹೀಗಿದ್ದೂ ದಮ್ ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಹತ್ತಕ್ಕೆ ಒಂಬತ್ತು ಮಂದಿ ಹೇಳುವುದು ಲಖನೌದ ಒಂದು ಕಥೆಯನ್ನು. 1784ರ ಸುಮಾರಿಗೆ ಅವಧ್ ಸೀಮೆಗೆ ಬರ ಬಂತು. ನವಾಬ ಆಸಫುದ್ದೌಲ ಜನರಿಗೆ ಕೂಲಿ ಸಿಗಲೆಂದು ಬಡಾ ಇಮಾಂಬಾಡಾ ಕಟ್ಟಿಸಲು ತೊಡಗಿದ. ಹಗಲಿರುಳು ನಡೆಯುವ ಕೆಲಸ, ಸಾವಿರಾರು ಬಾಯಿ. ದೊಡ್ಡ ದೊಡ್ಡ ಹಂಡೆಗಳಲ್ಲಿ ಅಕ್ಕಿ, ಮಾಂಸ, ತರಕಾರಿ, ಮಸಾಲೆ ತುಂಬಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಯಾವಾಗ ಬೇಕಾದರೂ ಬಡಿಸಲು ಬರುವಂತೆ ಕಾವಿನಲ್ಲಿ ಇಡುತ್ತಿದ್ದರು. ಒಂದು ದಿನ ನೋಡಲು ಬಂದ ನವಾಬನ ಮೂಗಿಗೆ ಘಮ ಬಡಿಯಿತು, ಒಂದು ತುತ್ತು ಉಂಡ, ಅರಮನೆಯ ಬಾಣಸಿಗರಿಗೆ ಹೀಗೇ ಮಾಡಿರೆಂದ. ಅಲ್ಲಿಗೆ ದಮ್ ಹುಟ್ಟಿತು.

ಬರ ನಿಜ, ಇಮಾಂಬಾಡಾ ನಿಜ, ಅದು ಈಗಲೂ ನಿಂತಿದೆ. ಉಳಿದ ಭಾಗ ನಿಲ್ಲುವುದಿಲ್ಲ. ಅಬುಲ್ ಫಜಲ್ 16ನೆಯ ಶತಮಾನದ ಕೊನೆಯ ದಶಕದಲ್ಲಿ ಮುಗಿಸಿದ ಐನ್-ಇ-ಅಕ್ಬರಿಯಲ್ಲಿ ಅಕ್ಬರನ ಅಡುಗೆಮನೆಯ ತಿನಿಸುಗಳ ಪಟ್ಟಿ ಇದೆ. ಅದರಲ್ಲಿ 'ದಮ್‌ಪುಖ್ತ್' ಹೆಸರಿನಿಂದಲೇ ಬರುತ್ತದೆ. 10 ಸೇರು ಮಾಂಸಕ್ಕೆ 2 ಸೇರು ತುಪ್ಪ, 1 ಸೇರು ಈರುಳ್ಳಿ, ಮೇಲೆ ಹಸಿ ಶುಂಠಿ, ಕರಿಮೆಣಸು, ಲವಂಗ, ಏಲಕ್ಕಿ. ಅಕ್ಕಿಯ ಸುದ್ದಿಯೇ ಇಲ್ಲ. ಆ ಹೊತ್ತಿಗೆ ದಮ್‌ಪುಖ್ತ್ ಎಂದರೆ ತನ್ನದೇ ನೀರಿನ ಹಬೆಯಲ್ಲಿ ಬೆಂದ ಮಾಂಸ. ಅದೇ ಪುಸ್ತಕದಲ್ಲಿ 'ಬಿರಿಯಾನ್' ಬೇರೆಯೇ ಒಂದು ತಿನಿಸು. ಹೆಸರಿನ ಅರ್ಥವೇ ಹುರಿದದ್ದು, ಸುಟ್ಟದ್ದು. ಇಂದು ನಾವು ದಮ್ ಬಿರಿಯಾನಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಎರಡು ಪದಗಳು ಅಕ್ಬರನ ಅಡುಗೆಮನೆಯಲ್ಲಿ ಬೇರೆ ಬೇರೆ ಒಲೆಯ ಮೇಲಿದ್ದವು.

ಅಕ್ಬರನ ಆಸ್ಥಾನದ ಪುಸ್ತಕ ಅರಮನೆಯದ್ದಾಯಿತು, ಬೀದಿಯಲ್ಲಿ ಈ ಪದ ಇತ್ತೇ ಎಂದು ಕೇಳಬಹುದು. ಅದಕ್ಕೂ ಸಾಕ್ಷಿಯಿದೆ, ಇಂಗ್ಲಿಷಿನವರ ಬಾಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಾಯರ್ 1673ರಲ್ಲಿ ಇಲ್ಲಿಗೆ ಬಂದ. ಗೋಲ್ಕೊಂಡ ರಾಜ್ಯದ ಬಂದರು ಮಚಲಿಪಟ್ಟಣದಲ್ಲಿ ಇಳಿದಿದ್ದ, ಮುಂದೆ ಕಾರವಾರ, ಗೋಕರ್ಣಗಳನ್ನೂ ಸುತ್ತಿದ. ಇಲ್ಲಿನವರ ಊಟ ವರ್ಣಿಸುವಾಗ ಆತ ಮಸಾಲೆ ಹಾಕಿ ಬೆಣ್ಣೆಯಲ್ಲಿ ಬೇಯಿಸಿದ ಮಾಂಸಕ್ಕೆ 'ಡಂಪೋಕ್' ಎಂಬ ಪದ ಬಳಸುತ್ತಾನೆ, ಅದೂ ಇಂಗ್ಲಿಷ್ ಕ್ರಿಯಾಪದದ ಬಾಲ ಅಂಟಿಸಿ. 1689ರಲ್ಲಿ ಸೂರತ್ತಿಗೆ ಬಂದ ಪಾದ್ರಿ ಓವಿಂಗ್ಟನ್ ಒಣದ್ರಾಕ್ಷಿ, ಬಾದಾಮಿ ತುಂಬಿ ಸಣ್ಣ ಪಾತ್ರೆಯಲ್ಲಿ ಬೆಣ್ಣೆಯೊಡನೆ ಬೇಯಿಸಿದ ಕೋಳಿಗೆ ಅದೇ ಪದ ಹಾಕುತ್ತಾನೆ. 1886ರಲ್ಲಿ ಬಂದ ಹಾಬ್ಸನ್-ಜಾಬ್ಸನ್ ನಿಘಂಟು ಇವೆರಡನ್ನೂ ಅಬುಲ್ ಫಜಲನ ಪಾಕವನ್ನೂ ಒಟ್ಟಿಗೆ ಕೊಟ್ಟಿದೆ. ಆ ಹೊತ್ತಿಗೆ ಆಂಗ್ಲೋ-ಇಂಡಿಯನ್ ಅಡುಗೆಮನೆಗಳಲ್ಲಿ 'ಡಂಪೋಕ್' ಮೂಳೆ ತೆಗೆದು ಹೂರಣ ತುಂಬಿದ ಬಾತುಕೋಳಿಯಾಗಿತ್ತು. ಇಮಾಂಬಾಡಾದ ಮೊದಲ ಇಟ್ಟಿಗೆ ಬೀಳುವ ನೂರು ವರ್ಷ ಮೊದಲೇ ಪದ ಪರದೇಶಿಗಳ ನಾಲಗೆಗೂ ಹತ್ತಿತ್ತು ಎನ್ನಲು ಇಷ್ಟು ಸಾಕು.

ಹಾಗಾದರೆ ಲಖನೌ ಕಥೆ ಇಷ್ಟು ಗಟ್ಟಿಯಾಗಿ ಹೇಗೆ ಬೇರೂರಿತು? ಒಂದು ಕಾರಣ ತೀರ ಈಚಿನದು. 1980ರ ದಶಕದ ಕೊನೆಗೆ ದೆಹಲಿಯ ಐಟಿಸಿ ಮೌರ್ಯ ಹೋಟೆಲಿನಲ್ಲಿ 'ದಮ್ ಪುಖ್ತ್' ಎಂಬ ಹೆಸರಿನದೇ ರೆಸ್ಟೋರೆಂಟ್ ತೆರೆಯಿತು. ಅದರ ಹಿಂದಿದ್ದ ಕೈ ಲಖನೌದ ಇಮ್ತಿಯಾಜ್ ಖುರೇಶಿಯವರದು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2024ರಲ್ಲಿ ತೀರಿಕೊಂಡರು. ಅಡುಗೆ ಅದ್ಭುತವೆಂದು ಉಂಡವರೆಲ್ಲ ಹೇಳುತ್ತಾರೆ. ಆ ಅಡುಗೆಯ ಜೊತೆ ಬರದ, ನವಾಬನ, ಹಂಡೆಯ ಕಥೆಯೂ ದೇಶದ ತುಂಬ ಬಡಿಸಲ್ಪಟ್ಟಿತು. ಮತ್ತೊಂದು ಕಾರಣ ಕಥೆಯ ಒಳಗೇ ಇದೆ, ನನಗೆ ಅದೇ ಹೆಚ್ಚು ಕಾಡುವುದು. ಕಥೆಯನ್ನು ಇನ್ನೊಮ್ಮೆ ಓದಿ. ನವಾಬ ಬರುವ ಮೊದಲೇ ಹಂಡೆಗೆ ಹಿಟ್ಟು ಮೆತ್ತಿದವರು ಇದ್ದಾರೆ, ಬೇಯಿಸಿದವರು ಇದ್ದಾರೆ, ಉಂಡ ಕೂಲಿಯಾಳುಗಳು ಇದ್ದಾರೆ. ಆದರೂ ಹುಟ್ಟಿಸಿದ ಹೆಸರು ಮೂಗು ಅರಳಿಸಿದವನಿಗೆ ಹೋಗಿದೆ. ಕಥೆ ಸುಳ್ಳಾದರೂ ಸರಿಯೇ, ನಿಜವಾದರೂ ಸರಿಯೇ, ಅದರ ಪ್ರಕಾರವೇ ದಮ್ ಕೊಟ್ಟವನು ನವಾಬನಲ್ಲ.

ಹೈದರಾಬಾದಿಗೆ ಈ ಪದ ಬರಲು ಲಖನೌವನ್ನಾಗಲಿ ದೆಹಲಿಯನ್ನಾಗಲಿ ಕಾಯಬೇಕಿರಲಿಲ್ಲ. ದಖ್ಖನಿನಲ್ಲಿ ಪಾರಸಿ ಆಳುವವರ ಭಾಷೆಯಾದದ್ದು 1347ರಲ್ಲಿ, ಕಲಬುರಗಿಯಲ್ಲಿ ಬಹಮನಿ ರಾಜ್ಯ ಎದ್ದಾಗ. ರಾಜಧಾನಿ ಬೀದರಿಗೆ ಸರಿದ ಮೇಲೆ ಇರಾನಿನಿಂದ ಬರುವವರ ಸಾಲು ಇನ್ನೂ ಉದ್ದವಾಯಿತು. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಗೀಲಾನಿನವನು. ಕಾಸ್ಪಿಯನ್ ಕರಾವಳಿಯ ಗೀಲಾನ್ ಇರಾನಿನ ಭತ್ತದ ಸೀಮೆ. ಗೋಲ್ಕೊಂಡದ ಕುತುಬ್‌ಶಾಹಿಗಳ ಬೇರು ಹಮದಾನ್ ಕಡೆಯದು. 1591ರಲ್ಲಿ ಹೈದರಾಬಾದ್ ಕಟ್ಟಿದಾಗ ಊರಿನ ನಕ್ಷೆಗೆ ಮುಂದಾಳಾಗಿದ್ದ ಪೇಶ್ವೆ ಮೀರ್ ಮೋಮಿನ್ ಅಸ್ತರಾಬಾದಿನವನು, ಅದೂ ಕಾಸ್ಪಿಯನ್ ಕಡೆಯೇ. ಅನ್ನಕ್ಕೆ ದಮ್ ಕೊಡುವ ನಾಡಿನವರು, ಅನ್ನವೇ ಊಟವಾದ ನಾಡಿಗೆ, ಮೊಗಲರ ಸೈನ್ಯ 1687ರಲ್ಲಿ ಗೋಲ್ಕೊಂಡ ಹಿಡಿಯುವ ಎಷ್ಟೋ ಮೊದಲೇ ಬಂದು ನೆಲೆ ನಿಂತಿದ್ದರು.

ಹೈದರಾಬಾದ್ ಈ ಪದಕ್ಕೆ ಸೇರಿಸಿದ್ದು ಹೆಸರನ್ನಲ್ಲ, ಅಪಾಯವನ್ನು. ಬಿರಿಯಾನಿಯಲ್ಲಿ ಎರಡು ದಾರಿ. ಪಕ್ಕಿ ಎಂದರೆ ಮಾಂಸವನ್ನು ಮೊದಲೇ ಮಸಾಲೆಯಲ್ಲಿ ಬೇಯಿಸಿ, ಉಪ್ಪು ಖಾರ ನೋಡಿ, ಮುಕ್ಕಾಲು ಬೆಂದ ಅನ್ನದೊಡನೆ ಹದ ಹದವಾಗಿ ಹರಡಿ ಕೊನೆಗೆ ಸ್ವಲ್ಪ ಹೊತ್ತು ದಮ್ ಕೊಡುವುದು. ಇಲ್ಲಿ ದಮ್ ಎನ್ನುವುದು ಒಗ್ಗೂಡಿಸುವ ಕೆಲಸ ಮಾತ್ರ. ಹೈದರಾಬಾದಿನ ಹೆಮ್ಮೆ ಕಚ್ಚೇ ಗೋಷ್ತ್ ಕಿ ಬಿರಿಯಾನಿ. ಅದರಲ್ಲಿ ಹಸಿ ಮಾಂಸವೇ ಪಾತ್ರೆಯ ತಳಕ್ಕೆ ಹೋಗುತ್ತದೆ. ಮೊಸರು, ಹಸಿ ಪಪ್ಪಾಯಿ, ಶುಂಠಿ ಬೆಳ್ಳುಳ್ಳಿ, ಕೆಂಪಗೆ ಹುರಿದ ಈರುಳ್ಳಿ, ಪುದೀನ, ಕೊತ್ತಂಬರಿ, ಹಸಿಮೆಣಸು, ಗರಂ ಮಸಾಲೆ ಕಲಸಿ ಗಂಟೆಗಟ್ಟಲೆ ನೆನೆಸಿದ ಹಸಿ ಮಾಂಸ. ಅದರ ಮೇಲೆ ಅರೆಬೆಂದ ಅನ್ನ, ಕೇಸರಿ ಹಾಲು, ತುಪ್ಪ. ಮುಚ್ಚಳ. ಮುಚ್ಚಳದ ಸುತ್ತ ಕಣಕದ ಮುದ್ರೆ. ಅಲ್ಲಿಂದ ಮುಂದೆ ಏನೂ ಕಾಣುವುದಿಲ್ಲ.

ಈಗ ಬಾವರ್ಚಿಯ ಕಷ್ಟ ಯೋಚಿಸಿ. ಒಂದೇ ಪಾತ್ರೆಯೊಳಗೆ ಎರಡು ಬೇರೆ ಬೇರೆ ಗಡಿಯಾರಗಳು ಓಡುತ್ತಿವೆ. ಮಾಂಸಕ್ಕೆ ಬೇಕಾದಷ್ಟು ಹೊತ್ತು ಬಿಟ್ಟರೆ ಅನ್ನ ಮುದ್ದೆಯಾದೀತು, ಅನ್ನದ ಹೊತ್ತಿಗೆ ಇಳಿಸಿದರೆ ಮಾಂಸ ಹಸಿ ಉಳಿದೀತು. ಎರಡೂ ಒಂದೇ ಗಳಿಗೆಯಲ್ಲಿ ಮುಗಿಯುವಂತೆ ಮುಚ್ಚಳ ಹಾಕುವ ಮುಂಚೆಯೇ ಹೊಂದಿಸಿರಬೇಕು. ಪಪ್ಪಾಯಿ ಎಷ್ಟು, ಮೊಸರು ಎಷ್ಟು ಹುಳಿ, ತುಂಡು ಎಷ್ಟು ದೊಡ್ಡದು, ಅಕ್ಕಿ ಹಳೆಯದೋ ಹೊಸದೋ, ಅಗುಳಿನ ನಡುವೆ ಗಟ್ಟಿ ಎಷ್ಟು ಉಳಿದಾಗ ಬಸಿಯಬೇಕು. ಮದುವೆಯ ದೊಡ್ಡ ದೇಗ್‌ನಲ್ಲಿ ಅನ್ನವನ್ನು ಒಂದೇ ಹದದಲ್ಲಿ ಬಸಿಯುವುದೂ ಇಲ್ಲ. ಮಾಂಸಕ್ಕೆ ತಾಗುವ ಕೆಳಗಿನ ಪದರಕ್ಕೆ ಇನ್ನೂ ಗಟ್ಟಿಯಿರುವ ಅಕ್ಕಿ, ಮೇಲಿನ ಪದರಕ್ಕೆ ಕೊನೆಗೆ ತೆಗೆದ ಮೆತ್ತನೆಯದು. ಕೆಳಗೆ ಹಬೆಯೂ ರಸವೂ ಹೆಚ್ಚು, ಮೇಲೆ ಹೋಗುತ್ತ ಕಡಿಮೆ. ಅದಕ್ಕೆ ತಕ್ಕ ಅಕ್ಕಿ. ಮುದ್ರೆ ಹಾಕಿದ ಮೇಲೆ ಉಪ್ಪು ಕಡಿಮೆಯಾಯಿತೆಂದು ಹೊಳೆದರೆ ಮಾಡುವಂಥದ್ದೇನೂ ಇಲ್ಲ. ಮುನ್ನೂರು ಜನ ಪಂಕ್ತಿಗೆ ಕೂತಿರುವಾಗ.

ಮೊದಲು ಕೆಳಗೆ ಜೋರು ಉರಿ. ಮೊಸರಿನ, ಮಾಂಸದ ನೀರು ಕುದಿದು ಹಬೆಯಾಗಿ ಅನ್ನದ ನಡುವೆ ದಾರಿ ಮಾಡಿಕೊಂಡು ಮೇಲೇಳಬೇಕು. ಮುದ್ರೆಯ ಅಂಚಿನಲ್ಲಿ ಹಬೆ ಇಣುಕಿದಾಗ ದಮ್ ಬಂತು ಎಂದು ಲೆಕ್ಕ. ಆಗ ಕೆಳಗಿನ ಕೆಂಡವನ್ನು ಎಳೆದು ಒಂದಷ್ಟನ್ನು ಮುಚ್ಚಳದ ಮೇಲೆ ಹರಡುತ್ತಾರೆ. ಮೇಲಿನ ಕೆಂಡ ಅನ್ನ ಬೇಯಿಸಲೆಂದು ಅನ್ನುವುದು ಅರ್ಧ ಮಾತು. ಮುಚ್ಚಳ ತಣ್ಣಗಿದ್ದರೆ ಹಬೆ ಅಲ್ಲಿಯೇ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುತ್ತದೆ. ಬಿಸಿಯಿದ್ದರೆ ಹಬೆ ಹಬೆಯಾಗಿಯೇ ಸುತ್ತುತ್ತದೆ. ಇರಾನಿನ ಮನೆಗಳಲ್ಲಿ ಬಟ್ಟೆ ಮಾಡುವ ಕೆಲಸವನ್ನು ಇಲ್ಲಿ ಕೆಂಡ ಮಾಡುತ್ತದೆ.

ಹಬೆಯನ್ನು ಹಿಡಿದಿಡುವುದಕ್ಕೆ ಇಷ್ಟೊಂದು ಪಾಡು ಯಾಕೆ ಎಂದರೆ ಅದರ ಹೊಟ್ಟೆಯೊಳಗಿನ ಶಾಖಕ್ಕಾಗಿ. ಕುದಿಯುವ ನೀರು ಒಂದು ಗ್ರಾಂ ಆವಿಯಾಗಲು ಸುಮಾರು 540 ಕ್ಯಾಲರಿ ಶಾಖ ನುಂಗುತ್ತದೆ. ಆ ಆವಿ ತಣ್ಣನೆಯ ಅಗುಳಿಗೆ ತಾಗಿ ಮತ್ತೆ ನೀರಾದಾಗ ನುಂಗಿದ್ದನ್ನೆಲ್ಲ ಅಲ್ಲಿಯೇ ಬಿಟ್ಟುಕೊಡುತ್ತದೆ. ಸೌಟು ಆಡಿಸದೆ, ಅಗುಳು ಮುರಿಯದೆ, ಪಾತ್ರೆಯ ಮೂಲೆ ಮೂಲೆಗೂ ಬಿಸಿ ಮುಟ್ಟಿಸುವ ಆಳು ಅದು. ಹಬೆ ಸೋರಿದರೆ ಆಳೂ ಹೋಯಿತು, ನೀರೂ ಹೋಯಿತು. ತಳ ಹೊತ್ತುತ್ತದೆ, ಮೇಲಿನ ಅನ್ನ ಒಣಗುತ್ತದೆ.

ಆದರೆ ಕಣಕದ ಮುದ್ರೆ ಪ್ರೆಷರ್ ಕುಕ್ಕರಿನ ರಬ್ಬರ್ ಅಲ್ಲ. ಒತ್ತಡ ಸ್ವಲ್ಪ ಹೆಚ್ಚಾದರೂ ಹಿಟ್ಟು ಬಿರುಕು ಬಿಟ್ಟು ದಾರಿ ಕೊಡುತ್ತದೆ. ಹಾಗಾಗಿ ಒಳಗಿನ ಬಿಸಿ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿರುವ ಹೈದರಾಬಾದಿನಲ್ಲಿ 100 ಡಿಗ್ರಿಗಿಂತ ಒಂದೆರಡು ಕಡಿಮೆ. ಕುಕ್ಕರಿನೊಳಗೆ ಅದು 120ರ ಹತ್ತಿರ ಹೋಗುತ್ತದೆ. ಕುಕ್ಕರಿನ ಮೂಲಪುರುಷ ಡೆನಿಸ್ ಪಾಪಿನ್ ತನ್ನ ಯಂತ್ರವನ್ನು ಲಂಡನ್ನಿನಲ್ಲಿ ತೋರಿಸಿದ್ದು 1679ರಲ್ಲಿ, ಫ್ರಾಯರ್ ಇಲ್ಲಿ ಡಂಪೋಕ್ ತಿನ್ನುತ್ತ ತಿರುಗುತ್ತಿದ್ದ ಹೊತ್ತಿನಲ್ಲಿ. ಎರಡೂ ಪಾತ್ರೆಗಳು ಬಾಯಿ ಮುಚ್ಚಿದವೇ. ಒಂದು ಉಸಿರನ್ನು ಒತ್ತಿ ಹಿಡಿಯುತ್ತದೆ, ಇನ್ನೊಂದು ಸೋರದಂತೆ ನೋಡಿಕೊಳ್ಳುತ್ತದೆ. (ಮಾಂಸ ಮೆತ್ತಗಾಗಿಸುವ ಪಪ್ಪಾಯಿಯ ಸತ್ವಕ್ಕೆ ಪಪೇನ್ ಎಂದು ಹೆಸರು. ಪಾಪಿನ್‌ಗೂ ಅದಕ್ಕೂ ಸಂಬಂಧವಿಲ್ಲ.)

ಪಪ್ಪಾಯಿಯಿಂದ ಇನ್ನೊಂದು ಮಾತು ಹೊರಡುತ್ತದೆ. ಅದು ಅಮೆರಿಕದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮ ಹಿತ್ತಿಲಿಗೆ ಬಂದದ್ದು. ಹಸಿಮೆಣಸಿನಕಾಯಿಯೂ ಹಾಗೆಯೇ. ಅಕ್ಬರನ ದಮ್‌ಪುಖ್ತಿನಲ್ಲಿ ಖಾರಕ್ಕೆ ಕರಿಮೆಣಸು ಮಾತ್ರ ಇದ್ದದ್ದು ಅದಕ್ಕೇ. ಇಂದಿನ ಹೈದರಾಬಾದಿ ಕಚ್ಚಿ ಬಿರಿಯಾನಿಯ ರುಚಿ ಪಾರಸಿ ಪದವೊಂದು ದಖ್ಖನಿನಲ್ಲಿ ಅಮೆರಿಕದ ಕಾಯಿಗಳನ್ನು ಕೂಡಿಕೊಂಡು ಆದದ್ದು, ಯಾವುದೋ ಒಬ್ಬ ರಾಜನ ಒಂದು ದಿನದ ಹುಕುಮಿನಿಂದ ಆದದ್ದಲ್ಲ. ಹಲೀಮಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆ ಸಿಕ್ಕಿತು. ಬಿರಿಯಾನಿಗೂ ಅರ್ಜಿ ಹೋಗಿತ್ತು; ಹುಟ್ಟಿಗೆ ದಾಖಲೆ ಸಾಲದೆಂದು ಅದು ನಿಲ್ಲಲಿಲ್ಲ. ಹೈದರಾಬಾದಿನವರು ಬೇಸರಪಟ್ಟುಕೊಂಡರು. ನನಗೇನೋ ಅದು ಸಹಜವೆನಿಸಿತು. ಬಾವರ್ಚಿಗಳು ದಾಖಲೆ ಬರೆಯುವವರಲ್ಲ, ಕೈಯಿಂದ ಕೈಗೆ ದಾಟಿಸುವವರು.

ಮುಚ್ಚಿ ಬೇಯಿಸುವ ಬುದ್ಧಿ ಪಾರಸಿ ಬರುವ ಮೊದಲು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಆಯುರ್ವೇದದಲ್ಲಿ ಪುಟಪಾಕವಿದೆ: ಸೊಪ್ಪನ್ನು ಎಲೆಯಲ್ಲಿ ಸುತ್ತಿ, ಮಣ್ಣು ಮೆತ್ತಿ, ಕೆಂಡದಲ್ಲಿ ಬೇಯಿಸಿ ರಸ ಹಿಂಡುವುದು. ಭಸ್ಮ ಮಾಡುವವರು ಎರಡು ಮಣ್ಣಿನ ತಟ್ಟೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸಂದಿಗೆ ಮಣ್ಣು ಸವರಿದ ಬಟ್ಟೆ ಸುತ್ತಿ ಬೆಂಕಿಗಿಡುತ್ತಾರೆ. 'ಪುಟಕ್ಕಿಟ್ಟ ಚಿನ್ನ' ಎಂಬ ನಮ್ಮ ಮಾತು ಬಂದದ್ದು ಇಂಥ ಮುಚ್ಚಿದ ಬೆಂಕಿಯಿಂದಲೇ. ಮಾಂಸದ ಅಡುಗೆಯನ್ನು ಬರೆದಿಡುವ ಅಭ್ಯಾಸವೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಅರ್ಧದಲ್ಲಿ ಬರೆಸಿದ ಮಾನಸೋಲ್ಲಾಸದ ಅನ್ನಭೋಗದ ಭಾಗದಲ್ಲಿ ಮಾಂಸವನ್ನು ಸುಡುವ, ಹುರಿಯುವ, ಬೇಯಿಸುವ ವಿವರಗಳು ಬೇಕಾದಷ್ಟಿವೆ.

ಆ ಕಲ್ಯಾಣದ ಹೆಸರು ಹೈದರಾಬಾದಿನ ಬೀದಿಯಲ್ಲಿ ಇಂದಿಗೂ ಕೇಳುತ್ತದೆ, ಆದರೆ ಚಾಲುಕ್ಯರ ನೆನಪಿಗಲ್ಲ. ನಿಜಾಮರ ಕಾಲದಲ್ಲಿ ಕಲ್ಯಾಣಿ, ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಒಂದು ನವಾಬ ಮನೆತನದ ಜಾಗೀರು. ಅವರಿಗೆ ಹೈದರಾಬಾದಿನಲ್ಲಿ ದೊಡ್ಡ ದೇವಡಿ ಇತ್ತು. ಊರಿಂದ ಕೆಲಸಕ್ಕೆ ಬಂದವರಿಗೆಲ್ಲ ಅಲ್ಲಿ ಊಟ ಹಾಕುತ್ತಿದ್ದರೆಂದೂ, ಆ ಊಟದ ಬಿರಿಯಾನಿಗೇ ಕಲ್ಯಾಣಿ ಬಿರಿಯಾನಿ ಎಂದು ಹೆಸರಾಯಿತೆಂದೂ ಹೇಳಿಕೆ. ಈಗ ಅದು ಎಮ್ಮೆ ಮಾಂಸದ ಸಣ್ಣ ಸಣ್ಣ ತುಂಡುಗಳ, ಟೊಮೆಟೊ, ಜೀರಿಗೆ, ಕೊತ್ತಂಬರಿಯ ಅಗ್ಗದ ಬಿರಿಯಾನಿ. ಕೇಸರಿ ಇಲ್ಲ, ಬಾದಾಮಿ ಇಲ್ಲ, ಆಟೋ ಓಡಿಸುವವರೂ ಹಮಾಲರೂ ಹೊಟ್ಟೆ ತುಂಬ ಉಣ್ಣುವಂಥದ್ದು. ಅದಕ್ಕೂ ದಮ್ ಕೊಡಲೇಬೇಕು. ಕಲಬುರಗಿಯ ತಹರಿಯೂ ಅಂತೆಯೇ. ಅರಿಶಿನದ ಹಳದಿ ಅನ್ನ, ಮಾಂಸ ಒಟ್ಟಿಗೇ ಬೆಂದು ಕೊನೆಗೆ ದಮ್ಮಿನ ಮೇಲೆ ಕೂರುತ್ತದೆ. ಕಡಲೆಬೇಳೆ ಹಾಕಿದ ಖುಬೂಲಿಯನ್ನು ಹೈದರಾಬಾದಿನ ಮನೆಗಳಲ್ಲಿ ಈಗಲೂ ಮಾಡುತ್ತಾರೆ. ಅಬುಲ್ ಫಜಲನ ಪಟ್ಟಿಯಲ್ಲಿ ಕಡಲೆಬೇಳೆ ಹಾಕಿದ 'ಖಬೂಲಿ' ಇದ್ದೇ ಇದೆ. ಪದಗಳಿಗೆ ನಾಲ್ಕು ನೂರು ವರ್ಷ ದೊಡ್ಡದಲ್ಲ, ಯಾರಾದರೂ ಬೇಯಿಸುತ್ತಿದ್ದರೆ.

ಈಗ ಬೋರ್ಡು ಬರೆಯಿಸುವವರ ಕೈಯಲ್ಲಿ ಪದ ಬೇರೆಯೇ ಆಗುತ್ತಿದೆ. ಹೊಸಕೋಟೆಯಲ್ಲಿ ನಸುಕಿಗೇ ಎದ್ದು ಸರದಿ ನಿಲ್ಲುವವರಿಗೆ ಸಿಗುವ ದಮ್ ನಿಜವಾದ ದಮ್ಮೇ. ಸೌದೆ ಒಲೆ, ಹಂಡೆ, ಕೆಂಡ ಎಲ್ಲ ಕಣ್ಣೆದುರಿಗಿರುತ್ತದೆ. ಆದರೆ ನಗರಗಳ ಎಷ್ಟೋ ರೆಸ್ಟೋರೆಂಟುಗಳಲ್ಲಿ ಬೇರೆಡೆ ಬೆಂದ ಅನ್ನ, ಬೇರೆಡೆ ಬೆಂದ ಮಾಂಸಗಳನ್ನು ಚಿಕ್ಕ ಮಣ್ಣಿನ ಕುಡಿಕೆಗೆ ತುಂಬಿ, ಬಾಯಿಗೆ ಹಿಟ್ಟು ಮೆತ್ತಿ, ಓವನ್ನಿನಲ್ಲಿ ಐದು ನಿಮಿಷ ಕೆಂಪಗಾಗಿಸಿ, ಮೇಜಿನ ಮೇಲೆ ತಂದು ಚಾಕುವಿನಿಂದ ಮುದ್ರೆ ಒಡೆಯುತ್ತಾರೆ. ಮೊಬೈಲುಗಳು ಮೇಲೇಳುತ್ತವೆ. ಅದು ನಾಟಕ, ಚೆನ್ನಾಗಿಯೇ ಇರುತ್ತದೆ. ಕೊಟ್ಟ ದುಡ್ಡಿಗೆ ಮೋಸವೆಂದೂ ನಾನು ಅನ್ನುವುದಿಲ್ಲ. ಆದರೆ ಆ ಕುಡಿಕೆಯೊಳಗೆ ಏನೂ ಬೇಯಲಿಲ್ಲ. ಮದುವೆಮನೆಯ ದೇಗ್ ಪಕ್ಕ ಮುದ್ರೆಯ ಅಂಚಿಗೆ ಕಣ್ಣಿಟ್ಟು, ಪಾತ್ರೆಯ ಮೈಗೆ ಕಿವಿಗೊಟ್ಟು, ತನ್ನ ಲೆಕ್ಕ ಸರಿಯೋ ತಪ್ಪೋ ಎಂದು ಒಂದು ಗಂಟೆ ಕೂತಿರುವವನ ಭಯ ಅಲ್ಲಿಲ್ಲ. ಕೊನೆಗೆ ಮುಚ್ಚಳ ತೆಗೆದಾಗ ಅವನು ಸೌಟು ಹಾಕಿ ಕಲಸುವುದಿಲ್ಲ. ತಟ್ಟೆಯ ಅಂಚನ್ನು ಒಂದು ಬದಿಯಿಂದ ನೇರ ಕೆಳಗಿಳಿಸಿ, ಬಿಳಿ, ಕೇಸರಿ, ಕಂದು ಪದರಗಳು ಹಾಗೆಯೇ ಇರುವಂತೆ ತಳದ ಮಾಂಸದೊಡನೆ ಎತ್ತುತ್ತಾನೆ.

ಹೈದರಾಬಾದಿಗೆ ದಮ್ ಎರಡನೆಯ ಸಲ ಬಂದದ್ದು 20ನೆಯ ಶತಮಾನದಲ್ಲಿ, ಬಿರಿಯಾನಿಯ ಗೊಡವೆಯಿಲ್ಲದೆ. ಹೊಟ್ಟೆಪಾಡಿಗೆಂದು ಮುಂಬಯಿ, ಪುಣೆಗಳ ಮೇಲೆ ಹಾದು ಬಂದ ಇರಾನಿಗಳು ಊರಿನ ಮೂಲೆ ಮೂಲೆಯಲ್ಲಿ ಚಹಾದಂಗಡಿ ತೆರೆದರು. ಅಬಿಡ್ಸ್‌ನ ಗ್ರ್ಯಾಂಡ್ ಹೋಟೆಲ್‌ನಂಥವು ಆ ಕಾಲದವು. ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ಹೊತ್ತುಗಟ್ಟಲೆ ಬಿಡುತ್ತಾರೆ, ಹಾಲನ್ನು ಬೇರೆ ಒಲೆಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ, ಲೋಟಕ್ಕೆ ಬಂದಾಗಲಷ್ಟೇ ಎರಡೂ ಕೂಡುತ್ತವೆ. ಅದರ ಹೆಸರು ದಮ್ ಚಾಯ್. ಪಾರಸಿಯಲ್ಲಿ ಚಹಾ ಹದಕ್ಕೆ ಬಂದರೆ 'ದಮ್ ಕಶೀದೆ' ಎನ್ನುತ್ತಾರೆ, ಅಂದರೆ ಉಸಿರೆಳೆದುಕೊಂಡಿತು. ಅನ್ನ ಅರಳಿದಾಗಲೂ ಅದೇ ಮಾತು. ಚಾರ್ಮಿನಾರಿನ ಎದುರಿನ ಅಂಗಡಿಗಳಲ್ಲಿ ಬೆಳಗಿನ ಜಾವಕ್ಕೇ ಅದಕ್ಕೆ ಜನ ನಿಂತಿರುತ್ತಾರೆ, ಒಂದು ಕೈಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಹಿಡಿದುಕೊಂಡು.